ಕಾಡುಬಾತು ಮತ್ತು ಗಲ್ಲಾಪೆಟ್ಟಿಗೆ

ಚಿರಂಜೀವಿ ಅಳಿಯನಿಗೆ, ಮಾಟುಂಗದಿಂದ ಸೋದರಮಾವನ ಆಶೀರ್ವಾದಗಳು.

ನಿನ್ನ ಉದ್ದದ ಮೆಸೇಜು ಓದಿದೆ. ಕ್ಯಾಂಟೀನಿನ ಗುತ್ತಿಗೆ ಮಾರ್ಚಿಗೆ ಮುಗಿಯುತ್ತದೆ, ಮುಂದುವರಿಸುವುದು ಬೇಡ, ಅಪ್ಪ, ತಂಗಿ, ನೀನು ಮೂವರೂ ಸೇರಿ ಹಕ್ಕಿಯ ಮೇಲೇ ಒಂದು ಬಿಸಿನೆಸ್ ಕಟ್ಟುತ್ತೀರಿ. ಠಾಣೆ ಖಾಡಿಯಲ್ಲಿ ಸ್ವಂತ ಬೋಟು, ಭಾಂಡುಪಿನಲ್ಲಿ ದುರ್ಬೀನು ಬಾಡಿಗೆಗೆ, ಊರಿನ ಮನೆ ಹೋಮ್‌ಸ್ಟೇ, ಮತ್ತೆ ಇದೆಲ್ಲದರ ವಿಡಿಯೊ. ಅಪ್ಪನ ಹೋಟೆಲು ಬೇಡ, ಮನಸ್ಸು ಹಿಡಿದ ಕೆಲಸವೇ ಬೇಕು ಎನ್ನುವ ಹುಡುಗರು ಈಗ ಮುಲುಂಡಿನಲ್ಲೂ ಇದ್ದಾರೆ, ಮೀರಾ ರೋಡಿನಲ್ಲೂ ಇದ್ದಾರೆ. ಅದಕ್ಕೇ ಉತ್ತರವನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಮನೆಯ ಮಾತು ಬೀದಿಗೆ ತಂದರು ಅಂತ ನಿನ್ನ ಅಮ್ಮ ಸಿಟ್ಟಾದರೆ ನಾನು ನೋಡಿಕೊಳ್ಳುತ್ತೇನೆ, ತಮ್ಮನಾದವನಿಗೆ ಅದು ಹೊಸದಲ್ಲ.

ಈ ಹುಚ್ಚು ನಿಮ್ಮ ಮನೆಗೆ ಎಲ್ಲಿಂದ ಬಂತು ಎಂದು ನನಗೆ ಗೊತ್ತು. ಅಘನಾಶಿನಿ ದಂಡೆಯ ಗಜನಿ ಗದ್ದೆಯಲ್ಲಿ ನಿನ್ನ ಅಜ್ಜ ಕೇಪಿನ ಕೋವಿ ಹಿಡಿದು ಕೂರುತ್ತಿದ್ದರು. ಚಳಿಗಾಲದ ನಸುಕಿನಲ್ಲಿ ಸೂಜಿಬಾಲದ ಬಾತುಗಳು ಇಳಿಯುವ ಹೊತ್ತು ಯಾವುದು, ಗಾಳಿ ಯಾವ ಕಡೆಯದು, ಉಬ್ಬರ ಎಷ್ಟು ಏರಿದರೆ ಹಕ್ಕಿ ಯಾವ ಒಡ್ಡಿನ ಹಿಂದೆ ಸರಿಯುತ್ತದೆ, ಎಲ್ಲ ಬಾಯಿಪಾಠ. ಬಿದ್ದ ಹಕ್ಕಿಯನ್ನು ನೀರಿಗಿಳಿದು ತರುವ ಕೆಲಸ ಸಣ್ಣ ಹುಡುಗ ನಿನ್ನ ಅಪ್ಪನದು. ಭಾವ ಮುಂಬಯಿಗೆ ಬಂದು ಗಲ್ಲೆಯ ಮೇಲೆ ಕೂತ ಮೇಲೂ ರವಿವಾರ ಬಂತೆಂದರೆ ಅವರ ಕಾಲು ಭಾಂಡುಪಿನ ಪಂಪಿಂಗ್ ಸ್ಟೇಶನ್ನಿನ ಕಡೆಗೇ. ಕೋವಿ ಹೋಗಿ ದುರ್ಬೀನು ಬಂತು. ಹೊತ್ತು ಅಂದಾಜು ಮಾಡುವ, ಉಸಿರು ಬಿಗಿಹಿಡಿದು ಕಾಯುವ ಚಟ ಹಾಗೇ ಇಳಿದು ಬಂದು ನಿನಗೂ ನಿನ್ನ ತಂಗಿಗೂ ಅಂಟಿತು.

ನೀನು ಕಳಿಸಿದ ಅಮೆರಿಕದ ಆ ಧಾರಾವಾಹಿಯ ತುಣುಕುಗಳನ್ನೂ ನೋಡಿದೆ. ಉದ್ದ ಗಡ್ಡದ ಅಪ್ಪ, ಚಿಕ್ಕಪ್ಪ, ಮಕ್ಕಳು, ಸೊಸೆಯಂದಿರು, ಕೊನೆಯಲ್ಲಿ ಎಲ್ಲರೂ ಕೂಡಿ ಊಟ. ಲೂಯಿಸಿಯಾನಾದ ವೆಸ್ಟ್ ಮನ್ರೋ ಊರಿನ ರಾಬರ್ಟ್‌ಸನ್ ಕುಟುಂಬ. ಬಾತು ಬೇಟೆಯ ಮೋಹದಿಂದಲೇ ಒಂದು ಮನೆತನದ ವ್ಯಾಪಾರ ಎದ್ದು ನಿಂತದ್ದಕ್ಕೆ ಅದು ದೊಡ್ಡ ಉದಾಹರಣೆ, ಒಪ್ಪಿದೆ. ಆದರೆ ನೀನು ನೋಡಿದ್ದು ಕಥೆಯ ತುದಿಯನ್ನು ಮಾತ್ರ. ಆ ಮನೆಯ ಯಜಮಾನ ಫಿಲ್ ರಾಬರ್ಟ್‌ಸನ್‌ಗೆ ಬಾತನ್ನು ಹತ್ತಿರ ಕರೆಯಲು ಬೇಟೆಗಾರರು ಊದುವ, ಪೇಟೆಯಲ್ಲಿ ಸಿಗುತ್ತಿದ್ದ ಪೀಪಿಗಳು ಹಿಡಿಸಲಿಲ್ಲ. ಬಾತು ನಿಜವಾಗಿ ಕೂಗಿದ ಹಾಗೆ ಕೇಳಿಸಬೇಕು ಎಂದು ತಾನೇ ಒಂದನ್ನು ಮಾಡಿ 1972ರಲ್ಲಿ ಪೇಟೆಂಟು ಪಡೆದ. ಮರುವರ್ಷ ‘ಡಕ್ ಕಮಾಂಡರ್’ ಕಂಪನಿ ಶುರುವಾಯಿತು. ನೀನು ನೋಡಿದ ಧಾರಾವಾಹಿ ಶುರುವಾದದ್ದು 2012ರಲ್ಲಿ! ನಡುವಿನ ನಲವತ್ತು ವರ್ಷ ಅವರ ಕಸುಬು ಪೀಪಿ ಮಾಡುವುದು, ಮಾರುವುದು. ಧಾರಾವಾಹಿ 2017ಕ್ಕೆ ಮುಗಿಯಿತು, ಪೀಪಿಯ ವ್ಯಾಪಾರ ಉಳಿಯಿತು. ನಿನ್ನ ಯೋಜನೆಯಲ್ಲಿ ವಿಡಿಯೊ ಇದೆ, ಅಪ್ಪನ ಗಡ್ಡವೂ ಇದೆಯಂತೆ. ಪೀಪಿ ಯಾವುದು ಎಂದು ಹುಡುಕಿದೆ, ಸಿಗಲಿಲ್ಲ.

ಅಲ್ಲಿ ಪೀಪಿಗೆ ಪೇಟೆಂಟು ಸಿಕ್ಕ ಅದೇ 1972ರಲ್ಲಿ ಇಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅದಕ್ಕೂ ಮೊದಲೇ, 1951ರಲ್ಲಿ, ಮುಂಬಯಿ ರಾಜ್ಯ ಕಾಡುಪ್ರಾಣಿ ಮತ್ತು ಹಕ್ಕಿಗಳ ರಕ್ಷಣೆಗೆ ತನ್ನದೇ ಕಾನೂನು ತಂದಿತ್ತು. ನಮ್ಮ ಉತ್ತರ ಕನ್ನಡ ಆಗ ಮುಂಬಯಿ ರಾಜ್ಯದಲ್ಲೇ ಇದ್ದುದರಿಂದ ನಿನ್ನ ಅಜ್ಜನ ಗಜನಿಗೂ ಅದು ಅನ್ವಯಿಸುತ್ತಿತ್ತು, ಅಜ್ಜನಿಗೆ ಗೊತ್ತಿತ್ತೋ ಇಲ್ಲವೋ ಬೇರೆ ಮಾತು. ಆ ಕಾನೂನಿನ ಹಿಂದೆ ದುಡಿದವರು ಪಕ್ಷಿತಜ್ಞ ಹುಮಾಯೂನ್ ಅಬ್ದುಲಾಲಿ. ಅವರೂ ಬಂದೂಕು ಹಿಡಿದೇ ಬೆಳೆದವರು. 1972ರ ಕಾಯ್ದೆಯಲ್ಲಿ ಮೊದಲು ಬಾತುಗಳು ಸಣ್ಣ ಬೇಟೆಯ ಪಟ್ಟಿಯಲ್ಲಿದ್ದವು, ಲೈಸೆನ್ಸ್ ಪಡೆದು ಹೊಡೆಯಬಹುದಿತ್ತು. 1991ರ ತಿದ್ದುಪಡಿ ಆ ಕಿಂಡಿಯನ್ನೂ ಮುಚ್ಚಿತು. 2022ರ ತಿದ್ದುಪಡಿಯಲ್ಲಿ ದಂಡವನ್ನು ಒಂದು ಲಕ್ಷ ರೂಪಾಯಿಯ ತನಕ ಏರಿಸಿದ್ದಾರೆ, ಮೂರು ವರ್ಷದ ತನಕ ಜೈಲು ಇದ್ದೇ ಇದೆ. ಇದನ್ನು ಯಾಕೆ ಬರೆದೆ ಎಂದರೆ, ನಿನ್ನ ಯೋಜನೆಯ ಎರಡನೇ ಪುಟದಲ್ಲಿ ‘ಕೋವಿ ಇಲ್ಲದ ಶಿಕಾರಿಯ ಅನುಭವ’ ಎಂದಿದೆ. ಸ್ಪೀಕರಿನಲ್ಲಿ ಬಾತಿನ ಕೂಗು ಹಾಕಿ, ಕಾಳು ಚೆಲ್ಲಿ, ಹಕ್ಕಿಯನ್ನು ಬೋಟಿನ ಹತ್ತಿರ ತರಿಸುವುದು. ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ ಮಾರಾಯ, ಹಿಡಿಯುವುದು, ಅಟ್ಟುವುದು, ಆಮಿಷ ಒಡ್ಡುವುದು ಎಲ್ಲವೂ ಅದರೊಳಗೆ ಬರುತ್ತದೆ. ಗೇಟ್‌ವೇಯಿಂದ ಮಾಂಡ್ವಾಕ್ಕೆ ಹೋಗುವ ಬೋಟಿನಲ್ಲಿ ಜನ ಕಡಲಹಕ್ಕಿಗಳಿಗೆ ಗಾಠಿಯಾ ಎಸೆದು ಫೋಟೊ ತೆಗೆಯುವುದನ್ನು ಕಂಡರೇ ನನಗೆ ಮೈಯುರಿಯುತ್ತದೆ. ಆ ಪುಟ ಹರಿದು ಹಾಕು.

ಕಾಯ್ದೆ ಒಂದು ಕುಲದ ಕಸುಬಿನ ಮೇಲೇ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರಕ್ಕೆ ಹೋಗಿ ಹಕ್ಕಿಪಿಕ್ಕಿಗಳನ್ನು ಕೇಳು. ಬಲೆ, ಉರುಲು, ಹಕ್ಕಿಯ ಕೂಗು ಅವರ ಆಸ್ತಿ. ಅದು ಅಪರಾಧವಾದ ಮೇಲೆ ಗಿಡಮೂಲಿಕೆ, ಕೂದಲೆಣ್ಣೆ ಹಿಡಿದು ದೇಶ ಸುತ್ತಿದರು, ಆಫ್ರಿಕಾಕ್ಕೂ ಹೋದರು. 2023ರ ಏಪ್ರಿಲಿನಲ್ಲಿ ಸುಡಾನಿನ ಯುದ್ಧದ ನಡುವೆ ಸಿಕ್ಕಿಬಿದ್ದು ‘ಆಪರೇಶನ್ ಕಾವೇರಿ’ಯಲ್ಲಿ ಮರಳಿ ಬಂದವರಲ್ಲಿ ಅವರೂ ಇದ್ದರು. ಅವರ ಜಾಣತನಕ್ಕೆ ಕೈಮುಗಿಯಬೇಕು. ಆದರೆ ಹಕ್ಕಿಯ ಬಗ್ಗೆ ಅವರಿಗೆ ಗೊತ್ತಿದ್ದದ್ದು ಯಾರ ಪ್ರಯೋಜನಕ್ಕೂ ಬರಲಿಲ್ಲ, ಕೇಳುವವರೇ ಇರಲಿಲ್ಲ.

ಕೇಳುವವರು ಸಿಕ್ಕ ಕಡೆ ಏನಾಯಿತು ಎಂದು ಆಮೇಲೆ ಹೇಳುತ್ತೇನೆ. ಮೊದಲು ಕೋಟೆಯ ಒಂದು ವೈನ್ ಅಂಗಡಿಯ ಕಥೆ ಕೇಳು. ಫೋರ್ಟಿನ ಆಫೀಸಿನಲ್ಲಿ ಲೆಕ್ಕ ಬರೆದುಕೊಂಡಿದ್ದ ಕಾಲದಲ್ಲಿ ಲಯನ್ ಗೇಟಿನ ಎದುರಿನ ಹಾರ್ನ್‌ಬಿಲ್ ಹೌಸನ್ನು ದಾಟಿ ಹೋಗುವಾಗೆಲ್ಲ ನನಗೆ ಈ ಕಥೆಯೇ ನೆನಪಾಗುತ್ತಿತ್ತು.

1883ರ ಸೆಪ್ಟೆಂಬರಿನಲ್ಲಿ ಎಂಟು ಮಂದಿ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹುಟ್ಟುಹಾಕಿದರು. ಮೊದಲ ಕೂಟಗಳು ಬೈಕಲ್ಲಾದ ಮ್ಯೂಸಿಯಮ್ಮಿನಲ್ಲಿ, ಈಗಿನ ಭಾವು ದಾಜಿ ಲಾಡ್ ಸಂಗ್ರಹಾಲಯದಲ್ಲಿ. ಎಂಟರಲ್ಲಿ ಇಬ್ಬರು ನಮ್ಮವರು, ಡಾ. ಆತ್ಮಾರಾಮ ಪಾಂಡುರಂಗ ಮತ್ತು ಡಾ. ಸಖಾರಾಮ ಅರ್ಜುನ. ಮೊದಲ ಕಾರ್ಯದರ್ಶಿ ಇ.ಎಚ್. ಐಟ್ಕನ್, ನಮ್ಮ ಕಾರವಾರದಲ್ಲೂ ಕೆಲಸ ಮಾಡಿದ ಸುಂಕದ ಇಲಾಖೆಯ ಅಧಿಕಾರಿ. ಆಗ ಪ್ರಾಣಿಪಕ್ಷಿಗಳ ಸುದ್ದಿ ಎತ್ತುವವರಲ್ಲಿ ಬಹಳ ಮಂದಿ ಶಿಕಾರಿಗಳೇ. ಹೊಡೆದ ಹಕ್ಕಿ, ಸುಲಿದ ತೊಗಲು, ಕೊಂಬು, ಮೊಟ್ಟೆ ಎಲ್ಲ ಬಂದು ಬೀಳುತ್ತಿದ್ದವು, ಇಡಲು ಜಾಗವಿಲ್ಲ. ಜಾಗ ಕೊಟ್ಟವನು ಎಚ್.ಎಂ. ಫಿಪ್ಸನ್ ಎಂಬ ವೈನ್ ವ್ಯಾಪಾರಿ. 1884ರಲ್ಲಿ ಫೋರ್ಬ್ಸ್ ಸ್ಟ್ರೀಟಿನ ತನ್ನ ಅಂಗಡಿಯಲ್ಲೇ ಒಂದು ಕೋಣೆ ಬಿಟ್ಟುಕೊಟ್ಟ. ಎರಡು ವರ್ಷದ ಮೇಲೆ ಅಪೋಲೊ ಸ್ಟ್ರೀಟಿಗೆ ಹೋದರು. ಫಿಪ್ಸನ್ ಇಪ್ಪತ್ತು ವರ್ಷ ಸೊಸೈಟಿಯ ಕಾರ್ಯದರ್ಶಿ. ಅವನ ನಂತರ ಅದೇ ವ್ಯಾಪಾರದಲ್ಲಿದ್ದ ಡಬ್ಲ್ಯು.ಎಸ್. ಮಿಲ್ಲರ್ಡ್, 1920ರ ತನಕ. ಅವರ ಕುರ್ಚಿಯ ಹಿಂದೆ ‘ವಿಲಿಯಂ’ ಎಂಬ ದೊಡ್ಡ ಮಂಗಟ್ಟೆ ಹಕ್ಕಿ ಕೂತಿರುತ್ತಿತ್ತು. 1894ರಲ್ಲಿ ಮರಿಯಾಗಿದ್ದಾಗ ಕಾರವಾರದಿಂದ ಬಂದದ್ದು ಅದು! ಎಸೆದ ಟೆನಿಸ್ ಚೆಂಡನ್ನು ಕೊಕ್ಕಿನಲ್ಲಿ ಹಿಡಿಯುತ್ತಿತ್ತಂತೆ. ಸೊಸೈಟಿಯ ಲಾಂಛನದಲ್ಲಿ ಇವತ್ತಿಗೂ ಇರುವುದು ಆ ಜಾತಿಯ ಹಕ್ಕಿಯೇ. ಮುಂಬಯಿಯಲ್ಲಿ ಹೆಸರು ಮಾಡಿದ ಉತ್ತರ ಕನ್ನಡದವರ ಪಟ್ಟಿಯಲ್ಲಿ ನಾನು ಅದನ್ನೂ ಸೇರಿಸಿಕೊಂಡಿದ್ದೇನೆ.

ಫಿಪ್ಸನ್ ಮಾರಿದ್ದು ವೈನು. ಹಕ್ಕಿಗೆ ಕೊಟ್ಟದ್ದು ಅಂಗಡಿಯ ಒಂದು ಕೋಣೆ, ತನ್ನ ಸಂಜೆಗಳು, ಅಷ್ಟೇ. ಶಿಕಾರಿ ಸದಸ್ಯರು ಹೊರಡುವಾಗ ಒಂದೆರಡು ಬಾಟಲಿ ಕಟ್ಟಿಸಿಕೊಂಡು ಹೋಗಿರಲಿಕ್ಕೂ ಸಾಕು, ಅದು ಲೆಕ್ಕದವನ ತಲೆಗೆ ಹೊಳೆಯುವ ಗುಮಾನಿ. ಅಂಗಡಿಯ ದುಡ್ಡು ಅಂಗಡಿಯಲ್ಲೇ ಹುಟ್ಟುತ್ತಿತ್ತು. ಹಕ್ಕಿ ಬಂದರೂ ಬಾರದಿದ್ದರೂ ಬಾಡಿಗೆ ನಿಲ್ಲುತ್ತಿರಲಿಲ್ಲ. ಕ್ಯಾಂಟೀನಿನ ಗುತ್ತಿಗೆ ಬಿಡುತ್ತೇನೆ ಎನ್ನುವಾಗ ಇದನ್ನು ಯೋಚನೆ ಮಾಡಿದ್ದೀಯಾ?

ಮಿಲ್ಲರ್ಡನ ಆ ಕೋಣೆಗೇ ಒಬ್ಬ ಹುಡುಗ ಗುಬ್ಬಿ ಹಿಡಿದು ಬಂದ. ಗಂಟಲಲ್ಲಿ ಹಳದಿ ಗುರುತಿದ್ದ ಗುಬ್ಬಿ, ಅವನೇ ಏರ್‌ಗನ್ನಿನಲ್ಲಿ ಹೊಡೆದದ್ದು. ಆ ಹುಡುಗನೇ ಮುಂದೆ ಪಕ್ಷಿತಜ್ಞರಾದ ಸಲೀಂ ಅಲಿ, ಈ ಕಥೆ ನಿನಗೆ ಗೊತ್ತು. ಆದರೆ ಅವರನ್ನು ಖೇತವಾಡಿಯ ಮನೆಯಲ್ಲಿ ಸಾಕಿದ್ದು, ಬಂದೂಕು ಕೈಗೆ ಕೊಟ್ಟದ್ದು ಸೋದರಮಾವ ಎಂಬುದನ್ನು ಜನ ಮರೆಯುತ್ತಾರೆ. ಅಮೀರುದ್ದೀನ್ ತಯ್ಯಬ್‌ಜಿ ದೊಡ್ಡ ಶಿಕಾರಿ. ಶಿಕಾರಿ ಆ ಮನೆಯಲ್ಲಿ ಎಲ್ಲರಿಗೂ ಹಿಡಿದ ಮೋಹ, ಆಗ ಅದೊಂದು ಸಂಸ್ಕಾರವೂ ಹೌದು. ವ್ಯಾಪಾರವೂ ಇತ್ತು. ಬರ್ಮಾದ ತವೊಯ್‌ನಲ್ಲಿ ಸಲೀಂ ಅಲಿಯ ಅಣ್ಣನ ವುಲ್ಫ್ರಮ್ ಗಣಿ, ಮರದ ವ್ಯಾಪಾರ. 1914ರ ಹೊತ್ತಿಗೆ ಹುಡುಗ ಅಲ್ಲಿಗೆ ಹೋದ. ಹೋದವನು ಕಾಡಿನಲ್ಲಿ ಹಕ್ಕಿ ಹುಡುಕುತ್ತ ತಿರುಗಿದ. ನಡುವೆ ಮುಂಬಯಿಗೆ ಬಂದು ದಾವರ್ಸ್ ಕಾಲೇಜಿನಲ್ಲಿ ವಾಣಿಜ್ಯ ಕಾನೂನು, ಲೆಕ್ಕಪತ್ರವನ್ನೂ ಓದಿದ್ದರು ಅವರು. ಆದರೂ ವ್ಯಾಪಾರ ಮುಳುಗಿತು. ಆಮೇಲೆ 1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಿನಲ್ಲಿ ಜನರಿಗೆ ಪ್ರಾಣಿಗಳನ್ನು ತೋರಿಸಿ ವಿವರಿಸುವ ಕೆಲಸ ಸಿಕ್ಕಿತು. ಜರ್ಮನಿಗೆ ಹೋಗಿ ಕಲಿತು ಬಂದರೆ ಆ ಕೆಲಸವೂ ಇಲ್ಲ. ಕಿಹಿಂನ ಮನೆಯಲ್ಲಿ ಹೆಂಡತಿಯ ಜೊತೆ ಇದ್ದುಕೊಂಡು ಗೀಜುಗಗಳ ಗೂಡು ನೋಡುತ್ತ ಕೂತರು, ಅದೇ ಅವರಿಗೆ ಹೆಸರು ತಂತು.

ಓದುವವರು ಇದರಿಂದ ‘ನೋಡಿ, ಮನಸ್ಸು ಹೇಳಿದ್ದನ್ನು ಮಾಡಿದರು, ಗೆದ್ದರು’ ಎಂಬ ಪಾಠ ತೆಗೆಯುತ್ತಾರೆ. ನಾನು ತವೊಯ್‌ನ ಗಣಿಯನ್ನೂ ನೋಡುತ್ತೇನೆ. ಅಲ್ಲಿ ಅಣ್ಣನ ದುಡ್ಡಿತ್ತು, ಕೂಲಿಯವರಿದ್ದರು. ಒಬ್ಬನ ಮೋಹಕ್ಕೆ ಒಂದು ಜೀವಮಾನ ಸಾಕಾಗುತ್ತದೆ, ಅದು ಅವನ ಸ್ವಂತದ್ದು. ಮನೆಮಂದಿಯ ದುಡ್ಡು ಹಾಕಿದ ಅಂಗಡಿಯಲ್ಲಿ ಕೂತವನು ಬೆಳಿಗ್ಗೆ ಒಂಬತ್ತಕ್ಕೆ ಬೀಗ ತೆಗೆಯಬೇಕು. ನಿನ್ನ ಯೋಜನೆಯಲ್ಲಿ ಮೂವರೂ ಹಕ್ಕಿ ನೋಡಲು ಹೋಗುವವರೇ. ಬೀಗ ತೆಗೆಯುವವರು ಯಾರು?

ಈಗ ಕೇಳುವವರು ಸಿಕ್ಕವರ ಕಥೆ. ಬಿಹಾರದಲ್ಲಿ ಮೀರ್ ಶಿಕಾರಿಗಳೆಂದು ಒಂದು ಸಮುದಾಯ. ತಲೆತಲಾಂತರದಿಂದ ಹಕ್ಕಿ ಹಿಡಿಯುವುದೇ ಕುಲಕಸುಬು. ಬಲೆ, ಉರುಲು, ಅಂಟು ಸವರಿದ ಬಿದಿರಿನ ಕಡ್ಡಿ, ಇಷ್ಟರಲ್ಲೇ ಅವರು ಹಿಡಿಯದ ಹಕ್ಕಿಯಿಲ್ಲ. 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರೂ ಸತ್ತರು. ಸೈಬೀರಿಯಾ ಕಡೆಯ ಒಂದು ಜ್ವರಕ್ಕೂ ಈ ಮಂಗನ ಕಾಯಿಲೆಗೂ ಹೋಲಿಕೆ ಕಂಡುದರಿಂದ, ವಲಸೆ ಹಕ್ಕಿಗಳು ರೋಗ ಹರಡುವ ಉಣ್ಣೆಹುಳುಗಳನ್ನು ಹೊತ್ತು ತರುತ್ತವೆಯೇ ಎಂಬ ಪ್ರಶ್ನೆ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ಮತ್ತು ಸೊಸೈಟಿಯವರು ಹಕ್ಕಿಯ ಕಾಲಿಗೆ ಉಂಗುರ ತೊಡಿಸುವ ಕೆಲಸವನ್ನು ದೊಡ್ಡದಾಗಿ ಕೈಗೆತ್ತಿಕೊಂಡರು. ಉಂಗುರ ಹಾಕಲು ಹಕ್ಕಿಯನ್ನು ಜೀವಂತ ಹಿಡಿಯಬೇಕು, ಗರಿ ಮುರಿಯಬಾರದು. ಅದು ಪಂಡಿತರಿಗೆ ಬಾರದ ವಿದ್ಯೆ. ಮೀರ್ ಶಿಕಾರಿಗಳನ್ನು ಕರೆಸಿದರು. ಅವರಲ್ಲಿ ಅಲಿ ಹುಸೇನ್ ಎಂಬವರು ದಶಕಗಟ್ಟಲೆ ಸೊಸೈಟಿಯ ಜೊತೆ ಕೆಲಸ ಮಾಡಿ ಹೊರದೇಶದವರೂ ಹೆಸರು ಹಿಡಿದು ಕರೆಯುವಷ್ಟು ಬೇಕಾದವರಾದರು.

ಭರತಪುರದ ಕೆರೆಯಲ್ಲಿ ಈ ಉಂಗುರ ತೊಡಿಸುವ ಕೆಲಸ ನಡೆಯಿತು. 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಮತ್ತು ಅವನ ಅತಿಥಿಗಳು ಒಂದೇ ದಿನ 4,273 ಹಕ್ಕಿ ಹೊಡೆದ ಕೆರೆ ಅದೇ. (ಆ ದಿನ ಸಲೀಂ ಅಲಿಗೆ ಸರಿಯಾಗಿ 42 ತುಂಬಿತ್ತು. ಕಾಕತಾಳೀಯ, ಆದರೂ ಬರೆಯದೆ ಇರಲಾಗಲಿಲ್ಲ.) ಮೀರ್ ಶಿಕಾರಿಗಳು ಅಲ್ಲಿ ಹಿಡಿದ ಬಾತುಗಳ ಕಾಲಿಗೆ ಮುಂಬಯಿಯ ಸೊಸೈಟಿಗೆ ತಿಳಿಸಿ ಎಂದು ಕೊರೆದ ಉಂಗುರ ತೊಡಿಸಿ ಬಿಟ್ಟರು. ಅವುಗಳಲ್ಲಿ ಹಲವು ಆಗಿನ ಸೋವಿಯತ್ ದೇಶದ ಬೇಟೆಗಾರರ ಗುಂಡಿಗೆ ಬಿದ್ದವು, ಉಂಗುರದ ಸಂಖ್ಯೆ ಕಾಗದದಲ್ಲಿ ಮುಂಬಯಿಗೆ ಬಂತು. ಬಾತು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ನಾವು ಕಲಿತದ್ದು ಹೀಗೆ, ಈ ತುದಿಯಲ್ಲೊಬ್ಬ ಬೇಟೆಗಾರ, ಆ ತುದಿಯಲ್ಲೊಬ್ಬ ಬೇಟೆಗಾರ. ಮೀರ್ ಶಿಕಾರಿಗಳು ಕುಲದ ಕಸುಬು ಬಿಡಲಿಲ್ಲ ನೋಡು. ಕೈಯ ಕೆಲಸ ಅದೇ, ಬಲೆ ಅದೇ. ಸಂಬಳ ಸಿಕ್ಕಿದ್ದು ಹಕ್ಕಿಗಲ್ಲ, ಆ ಕೈಗೆ. ರಾಬರ್ಟ್‌ಸನ್ ಮನೆಯವರಿಗೂ ಹಾಗೆಯೇ, ಬಾತಿಗೆ ಯಾರೂ ದುಡ್ಡು ಕೊಟ್ಟಿರಲಿಲ್ಲ.

ಹಾಗಾಗಿ ನನ್ನ ಪ್ರಶ್ನೆ ಒಂದೇ. ನಿಮ್ಮ ಮನೆಯಲ್ಲಿ ಯಾರ ಕೈಗೆ ಏನು ಬರುತ್ತದೆ?

ಹಕ್ಕಿಯನ್ನು ತೋರಿಸುತ್ತೇನೆ ಎಂದು ಮಾತ್ರ ಹೇಳಬೇಡ. ರಾಜಹಂಸ ನವೆಂಬರಿಗೆ ಬಂದು ಮೇ ತನಕ ಇದ್ದರೆ ಇತ್ತು. ಬಾತು ಅದಕ್ಕೂ ಮೊದಲೇ ಹೊರಟುಬಿಡುತ್ತದೆ. ಆಮೇಲೆ ಮಳೆ. ಅಂದರೆ ವರ್ಷದಲ್ಲಿ ಅರ್ಧ ಅಂಗಡಿ ಖಾಲಿ. ಆ ಅರ್ಧದಲ್ಲೂ ಸರಕು ನಿನ್ನದಲ್ಲ. 2024ರ ಮೇ 20ರ ರಾತ್ರಿ ಘಾಟ್ಕೋಪರಿನ ಮೇಲೆ ವಿಮಾನ ಬಡಿದು 39 ರಾಜಹಂಸಗಳು ಸತ್ತು ಬಿದ್ದವಲ್ಲ, ಅದಕ್ಕೆ ಯಾವ ಅಂಗಡಿಯವನೂ ವಿಮೆ ಮಾಡಿಸಿರಲಾರ. ಟಿಕೆಟಿನ ಮೇಲೆ ಕೂರುವ ಜಾಗಕ್ಕೆ, ಜೊತೆಗೆ ಬರುವ ತಿಳಿದವನಿಗೆ ದುಡ್ಡು ಎಂದು ಬರೆ.

ಬೋಟು ಕೊಳ್ಳಬೇಡ. ಠಾಣೆ ಖಾಡಿಯ 1,690 ಹೆಕ್ಟೇರು 2015ರಿಂದ ರಾಜಹಂಸಗಳ ಅಭಯಾರಣ್ಯ, 2022ರಿಂದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯ ತಾಣ. ಐರೋಲಿಯಲ್ಲಿ ಅರಣ್ಯ ಇಲಾಖೆಯೇ ಬೋಟು ಬಿಡುತ್ತದೆ, ಉಬ್ಬರ ಇಳಿತ ನೋಡಿಕೊಂಡು. ಅಲ್ಲಿ ನಿನಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಪ್ರಯಾಣಿಕರ ಬೋಟಿಗೆ ಮ್ಯಾರಿಟೈಮ್ ಬೋರ್ಡಿನ ಕಾಗದ ಬೇಕು, ಲೈಫ್ ಜಾಕೆಟ್ಟು, ವಿಮೆ ಬೇಕು. ಅದಕ್ಕಿಂತ ಮುಖ್ಯ, ಆ ಖಾಡಿ ಮೀನುಗಾರ ಕೋಳಿ ಜನರದ್ದು. ಗಲೀಜು ನೀರಿನಿಂದ ಮೀನು ಕಳೆದುಕೊಂಡವರು ಅವರು. ಯಾವ ಭರತಿಗೆ ಯಾವ ಕೆಸರು ಮುಳುಗುತ್ತದೆ ಎಂದು ಅವರಿಗೆ ಗೊತ್ತಿರುವಷ್ಟು ನಿನಗೆ ಈ ಜನ್ಮದಲ್ಲಿ ಗೊತ್ತಾಗದು. ಅವರ ಬೋಟು ಬಾಡಿಗೆಗೆ ಹಿಡಿ, ಚೌಕಾಶಿ ಮಾಡಬೇಡ. ಭಾವ ಮುಂದೆ ಕೂತು ಹೊತ್ತು ಹೇಳಲಿ, ಹಕ್ಕಿಯ ಹೆಸರು ಹೇಳಲಿ. ಅಪ್ಪನಿಂದ ಬಂದ ಆ ಕಣ್ಣು ಕಿವಿ ಅವರ ಪೀಪಿ. ದಿನದ ಸಂಬಳ ಎಂದು ಅವರ ಹೆಸರಿನಲ್ಲಿ ಬರೆದಿಡು, ಮನೆಯವರು ಎಂದು ಬಿಡಬೇಡ. ಬೆಳಿಗ್ಗೆ ಐದಕ್ಕೆ ಎದ್ದು ಗಿರಾಕಿಗಳಿಗೆ ಬನ್ಸ್, ಚಟ್ನಿ ಕಟ್ಟಿಕೊಡುವವಳು ನನ್ನ ಅಕ್ಕ ಎಂಬುದು ನಿನ್ನ ಹನ್ನೊಂದು ಪುಟದ ಯೋಜನೆಯಲ್ಲಿ ಎಲ್ಲೂ ಇಲ್ಲ. ಅವಳಿಗೂ ಒಂದು ಖಾತೆ ತೆರೆ. ಕ್ಯಾಂಟೀನಿನ ಗುತ್ತಿಗೆಯನ್ನು ಇನ್ನೆರಡು ವರ್ಷಕ್ಕೆ ಬರೆಸಿಕೊ, ಅದೇ ನಿನ್ನ ವೈನ್ ಅಂಗಡಿ. ಮನೆಯವರ ಊಟ, ಜಗಳ, ಅಪ್ಪನ ಗಡ್ಡ ಇವು ವಿಡಿಯೊದಲ್ಲಿ ಬರಕೂಡದು. ಊರಿನ ಹೋಮ್‌ಸ್ಟೇಯ ಮಾತನ್ನು ಊರಿಗೆ ಹೋದಾಗ ಆಡೋಣ. ಅಘನಾಶಿನಿಯೂ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಬಂದಿದೆ, ಅಲ್ಲಿ ಯಾರು ಏನೇನು ಕಟ್ಟಬಹುದು ಎಂದು ಮೊದಲು ಕೇಳಿಕೊಂಡು ಬರಬೇಕು.

ಆದರೆ ಕಂಪನಿ ಎಂದು ಬೋರ್ಡು ಹಾಕುವಂಥ ಕೆಲಸ ನಿಮ್ಮ ಮನೆಯಲ್ಲಿ ಒಂದೇ ಇದೆ, ಅದು ನಿನ್ನ ಕಣ್ಣಿಗೆ ಬಿದ್ದಿಲ್ಲ. ಮುಂಬಯಿಯ ಮಳೆಗಾಲದಲ್ಲಿ ದುರ್ಬೀನಿನ ಗಾಜಿಗೆ ಬೂಷ್ಟು ಹಿಡಿಯದೆ ಇರುವುದಿಲ್ಲ. ಕ್ಯಾಮೆರಾ ಲೆನ್ಸಿನದೂ ಅದೇ ಹಾಡು. ನಿನ್ನ ಅಪ್ಪನ ದುರ್ಬೀನನ್ನು ನಿನ್ನ ತಂಗಿ ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿ, ಒರೆಸಿ, ಎರಡೂ ಕಣ್ಣು ಒಂದೇ ಕಡೆ ನೋಡುವ ಹಾಗೆ ಕೂರಿಸಿ ಕೊಟ್ಟದ್ದನ್ನು ನಾನು ನೋಡಿದ್ದೇನೆ. ಕ್ಯಾಮೆರಾ ರಿಪೇರಿಯವರು ಬೋರಾ ಬಜಾರಿನಲ್ಲಿ ಸಿಗುತ್ತಾರೆ, ದುರ್ಬೀನನ್ನು ಮುಟ್ಟುವವರು ಅಪರೂಪ. ಹಕ್ಕಿ ಇಲ್ಲದ ತಿಂಗಳುಗಳಲ್ಲೇ ಬೂಷ್ಟು ಹಿಡಿಯುವುದು, ನಿಮ್ಮ ಖಾಲಿ ಅರ್ಧ ವರ್ಷಕ್ಕೆ ಇದಕ್ಕಿಂತ ಬೇರೆ ಕಸುಬು ಹುಡುಕಬೇಕೇ? ಅವಳು ಹಣೆಗೆ ದೀಪ ಕಟ್ಟಿಕೊಂಡು ಕೂತಿರುವಾಗ ನೀನು ಪಕ್ಕದಲ್ಲಿ ಮೊಬೈಲು ನೋಡುತ್ತಿದ್ದೆ.

ಬರುವ ರವಿವಾರ ಮಧ್ಯಾಹ್ನ ಊಟಕ್ಕೆ ಬರುತ್ತೇನೆ. ನನ್ನ ಹಳೆಯ ದುರ್ಬೀನನ್ನೂ ತರುತ್ತೇನೆ, ಎಡಗಡೆಯ ಗಾಜು ಮಬ್ಬಾಗಿದೆ. ಕೂಲಿ ಎಷ್ಟು ಎಂದು ತಂಗಿ ಮೊದಲೇ ಹೇಳಲಿ, ಮಾವ ಎಂದು ಬಿಟ್ಟಿ ಮಾಡಿಕೊಡುವುದು ಬೇಡ, ರಶೀದಿಯೂ ಬೇಕು.

ಇತಿ,
ನಿನ್ನ ಮಾವ